ಎರೆಮಣ್ಣು, ಬೂದಿದಿಬ್ಬ ಮತ್ತು ಶರಣರ ದೃಷ್ಟಿ

ಹೊನ್ನು, ಹೆಣ್ಣು, ಮಣ್ಣುಗಳನ್ನು ಮಾಯೆಯೆಂದು ಹಳಿಯುವ ರೂಢಿಯನ್ನು ಅಲ್ಲಮಪ್ರಭುದೇವರು ಒಪ್ಪಲಿಲ್ಲ. ದೋಷವು ವಸ್ತುವಿನದಲ್ಲ, ಅದನ್ನು ಬಯಸುವ ಮನಸ್ಸಿನದು ಎಂಬುದು ಅವರ ನಿಲುವು. ಮಣ್ಣಿನ ಮಟ್ಟಿಗೆ ಈ ನಿಲುವು ಎಷ್ಟು ದಿಟವೆಂಬುದನ್ನು ಬಳ್ಳಾರಿ ಸೀಮೆಯ ಇತಿಹಾಸದಲ್ಲಿ ಕಾಣಬಹುದು.

ಬಳ್ಳಾರಿ ನಗರದ ಸಮೀಪದ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಇವೆರಡೂ ನೂತನ ಶಿಲಾಯುಗದ ನೆಲೆಗಳು. ಸುಮಾರು 4,000 ವರ್ಷಗಳ ಹಿಂದೆ ಈ ಸೀಮೆಯ ಜನರು ಬೆಟ್ಟಗಳ ಮೇಲೆ ನೆಲೆಸಿ, ಅಲ್ಪ ಮಳೆಗೆ ಬರುವ ಕೊರಲೆ, ಹುರುಳಿ, ಹೆಸರುಗಳನ್ನು ಬೆಳೆದರು; ದನಗಳನ್ನು ಸಾಕಿದರು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿರುವ ಕುಡತಿನಿಯ ಬೂದಿದಿಬ್ಬವು ಆ ಗೋಸಂಪತ್ತಿನ ಕುರುಹು. ಇಂಥ ದಿಬ್ಬಗಳನ್ನು ಜನರು ಪುರಾಣಕಥೆಗಳೊಡನೆ ಜೋಡಿಸಿದ್ದರು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯ ಚಿತಾಭಸ್ಮವೆಂಬ ನಂಬಿಕೆಯಿದೆ. ಇವು ಸಗಣಿ ಸುಟ್ಟ ಬೂದಿಯೆಂದು 19ನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ವಾದಿಸಿದರು. 1957ರಲ್ಲಿ ಉತ್ನೂರಿನಲ್ಲಿ ಆಲ್ಚಿನ್ ನಡೆಸಿದ ಉತ್ಖನನವು, ಅವು ದನದ ದೊಡ್ಡಿಗಳಿದ್ದ ಸ್ಥಳಗಳೆಂಬುದನ್ನು ತೋರಿಸಿತು.

ಸಗಣಿಯ ಭಸ್ಮವನ್ನು ಹಣೆಗೆ ಧರಿಸುವ ಭಕ್ತರಿಗೆ ಇದನ್ನು ಕೇಳಿ ರೋಮಾಂಚನವಾಗುವುದು ಸಹಜ. ಆದರೆ ದಿಬ್ಬಕ್ಕೂ ವಿಭೂತಿಗೂ ನೇರ ನಂಟು ಕಟ್ಟುವುದು ಸಲ್ಲದು. ಆ ದಿಬ್ಬಗಳಿಗೂ ಶರಣರಿಗೂ ನಡುವೆ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಉಳಿದು ಬಂದದ್ದು ದನ ಮತ್ತು ನೆಲದ ನಂಟು. ಬೇಸಾಯವೇ ಕಾಯಕವಾಗಿದ್ದ ಒಕ್ಕಲಿಗ ಮುದ್ದಣ್ಣನವರ ಅಂಕಿತ ‘ಕಾಮಭೀಮ ಜೀವಧನದೊಡೆಯ’. ಜೀವಧನವೆಂದರೆ ದನಕರುಗಳೇ.

ಅದೇ 12ನೆಯ ಶತಮಾನದಲ್ಲಿ ಕುರುಗೋಡು ಸಿಂದ ಅರಸರ ರಾಜಧಾನಿಯಾಗಿತ್ತು. ಬೆಟ್ಟದ ಕಲ್ಲು ಅಲ್ಲಿ ಕೋಟೆಯೂ ಗುಡಿಯೂ ಆಯಿತು. ದೊಡ್ಡಬಸವೇಶ್ವರನ ಬೃಹತ್ ನಂದಿಯೂ ಏಕಶಿಲೆಯದು.

ಬೆಟ್ಟಗಳ ನಡುವಿನ ಬಯಲು ಎರೆಮಣ್ಣಿನದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಆಳವಾಗಿ ಬಿರಿಯುತ್ತದೆ. ಒಮ್ಮೆ ಹದವಾಗಿ ನೆನೆದರೆ ಹಿಂಗಾರಿ ಜೋಳ ಆ ತೇವದಲ್ಲಿಯೇ ತೆನೆಗಟ್ಟುತ್ತದೆ. ಹತ್ತಿಗೂ ಅದೇ ನೆಲ ಹಿತ. ಇಲ್ಲಿಯ ಕುಂಟೆ, ಕೂರಿಗೆ, ರೊಟ್ಟಿ ಎಲ್ಲವೂ ಈ ಮಣ್ಣಿನ ಗುಣಕ್ಕೆ ಹೊಂದಿಕೊಂಡು ಬಂದವು. ಆದರೆ ಮಳೆಯೇ ಬಾರದಿದ್ದರೆ ಎರೆಯೂ ಕಾಯಲಾರದು. 1876-78ರ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಭೀಕರವಾಗಿ ನರಳಿತು.

ವಿಜಯನಗರದ ಕಾಲದ ಕಾಲುವೆಗಳು ಸಿರುಗುಪ್ಪದಲ್ಲಿ ಹೊಳೆಯಂಚಿನ ನೆಲವನ್ನಷ್ಟೇ ನೆನೆಸುತ್ತಿದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಯಲಿಗೂ ಹರಿಯಿತು. ಯೋಜನೆಯ ಉದ್ದೇಶ ಬರದ ನಾಡಿನ ಹೆಚ್ಚು ಹೊಲಗಳಿಗೆ ಮಿತವಾದ ನೀರು ಕೊಡುವುದು, ಜೋಳ ಹತ್ತಿಗಳಂಥ ಬೆಳೆಗಳನ್ನು ಉಳಿಸುವುದು. ನಡೆದದ್ದು ಬೇರೆ. ಕಾಲುವೆಯ ತಲೆಭಾಗದಲ್ಲಿ ಬತ್ತ ಹಬ್ಬಿತು, ಕೊನೆಯ ಭಾಗದ ರೈತ ನೀರಿಗಾಗಿ ಕಾಯತೊಡಗಿದ. ಬತ್ತದಿಂದ ಸಿರುಗುಪ್ಪ ಸಿರಿವಂತವಾಯಿತೆಂಬುದೂ ಸುಳ್ಳಲ್ಲ. ಕ್ಷಾಮ ಕಂಡ ನೆಲದ ಜನರು ಅನ್ನ ಬಯಸಿದ್ದನ್ನು ಹಳಿಯುವುದು ನ್ಯಾಯವಲ್ಲ. ಆದರೆ ಎರೆಮಣ್ಣು ನೀರನ್ನು ಬೇಗ ಬಸಿಯದು. ನಿಂತ ನೀರು ಆಳದ ಲವಣವನ್ನು ಮೇಲಕ್ಕೆ ತಂದಿತು. ಎಷ್ಟೋ ಹೊಲಗಳು ಸವುಳಾಗಿ ಬಿಳುಪೇರಿದವು. ಹಿಂದೆ ತೇವವನ್ನು ಕಾಯ್ದಿಟ್ಟು ಜೋಳ ಕೊಡುತ್ತಿದ್ದ ಗುಣವೇ ಇಲ್ಲಿ ಕೇಡಾಯಿತು.

ಮೇಲ್ನಾಡಿನಿಂದ ಕೊಚ್ಚಿ ಬಂದ ಮಣ್ಣು ಈ ನಡುವೆ ಜಲಾಶಯದಲ್ಲಿ ಹೂಳಾಗಿ ಕುಳಿತಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಅದರ ಸಾಮರ್ಥ್ಯ ಈಗ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಸಿರುಗುಪ್ಪದ ಗದ್ದೆಗಳು ಇಂದಿಗೂ ಆ ನೀರನ್ನೇ ನೆಚ್ಚಿವೆ.