ನೀಲಗಿರೀಸ್: ಬೆಣ್ಣೆ ವ್ಯಾಪಾರದಿಂದ ಮಳಿಗೆಗಳ ಸರಣಿಗೆ

ದಕ್ಷಿಣ ಭಾರತದಲ್ಲಿ ಒಂದೇ ಕುಟುಂಬ ಕಟ್ಟಿ ಬೆಳೆಸಿದ ಹಳೆಯ ಮಳಿಗೆ ಸರಣಿಗಳಲ್ಲಿ ‘ನೀಲಗಿರೀಸ್’ ಪ್ರಮುಖವಾದುದು. ಸ್ಥಾಪಕರಾದ ಮುತ್ತುಸ್ವಾಮಿ ಮೊದಲಿಯಾರ್ ಅವರು ಬ್ರಿಟಿಷರ ಆಳ್ವಿಕೆಯಲ್ಲಿ ಕೊಯಮತ್ತೂರಿನಿಂದ ನೀಲಗಿರಿ ಬೆಟ್ಟಕ್ಕೆ ಟಪಾಲು ಒಯ್ಯುತ್ತಿದ್ದವರು. 1905ರಲ್ಲಿ ಆಂಗ್ಲರೊಬ್ಬರ ಬೆಣ್ಣೆ ವ್ಯಾಪಾರವನ್ನು ಕೊಂಡು ಉದ್ಯಮ ಆರಂಭಿಸಿದರು. 1936ರಲ್ಲಿ ಕುಟುಂಬವು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಅಂಗಡಿ ತೆರೆಯಿತು.

ಗಿರಾಕಿಯೇ ಸಾಮಾನು ಆಯ್ದುಕೊಳ್ಳುವ ಸೂಪರ್ ಮಾರ್ಕೆಟ್ ಪದ್ಧತಿಯನ್ನು ದೇಶದಲ್ಲಿ ಮೊದಲಿಗೆ ರೂಢಿಗೆ ತಂದ ಸಂಸ್ಥೆಗಳಲ್ಲಿ ಇದೂ ಒಂದು. ಹಾಲಿನ ಉತ್ಪನ್ನ, ಬ್ರೆಡ್ಡು, ಕೇಕುಗಳನ್ನು ತಾನೇ ತಯಾರಿಸಿ ತನ್ನ ಹೆಸರಿನಲ್ಲಿಯೇ ಮಾರಿದ್ದು ಅದರ ಬಲವಾಗಿತ್ತು. ಫ್ರಾಂಚೈಸಿ ಮಳಿಗೆಗಳ ಮೂಲಕ ಅದು ದಕ್ಷಿಣದ ಇತರ ರಾಜ್ಯಗಳಿಗೂ ಹಬ್ಬಿತು.

ಹೆಸರು ಉಳಿಯಿತು, ಒಡೆತನ ಕೈ ಬದಲಾಯಿತು. 2006ರಲ್ಲಿ ಆಕ್ಟಿಸ್ ಹೂಡಿಕೆ ಸಂಸ್ಥೆಯು ಬಹುಪಾಲು ಷೇರುಗಳನ್ನು ಪಡೆಯಿತು. 2014ರಲ್ಲಿ ಫ್ಯೂಚರ್ ಸಮೂಹವು ಸುಮಾರು 300 ಕೋಟಿ ರೂಪಾಯಿಗೆ ಸರಣಿಯನ್ನು ಕೊಂಡಿತು.

ಕಂಗ್ಟಿ, ನಾರಾಯಣಖೇಡ, ಜಹೀರಾಬಾದ್ ಪೇಟೆಗಳಲ್ಲಿಯೂ ತಂದೆಯಿಂದ ಮಗನಿಗೆ ಬಂದ ಕಿರಾಣಿ ಹಾಗೂ ಬಟ್ಟೆ ಅಂಗಡಿಗಳುಂಟು. ಅಂಗಡಿ ಬೆಳೆದಂತೆ ಮನೆತನದ ಹಿಡಿತವನ್ನು ಎಷ್ಟು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಅವರಿಗೂ ಎದುರಾಗಬಹುದು. ಆ ಕಾರಣದಿಂದಲೇ ಈ ಚರಿತ್ರೆಯನ್ನು ನಾವು ಇಲ್ಲಿ ದಾಖಲಿಸಿದ್ದೇವೆ.