ಕಾಡತೂಸಿನ ಹಿಂದಿನ ಕಥೆ: ಹಲಗಲಿ ಬೇಡರಿಂದ ಪರವಾನಗಿ ಕಾಲದವರೆಗೆ

ಜಿಂಕೆ ಬೇಟೆಗೆ ಯಾವ ತೋಟಾ ಸೂಕ್ತ ಎಂದು ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆ ಇಂದು ಯಾರಾದರೂ ಕೇಳಿದರೆ ಅರಣ್ಯ ಇಲಾಖೆಯವರು ಕೈಗೆ ಬೇಡಿ ಹಾಕಿಯಾರು. ಆದರೆ 165 ವರ್ಷಗಳಿಗೂ ಹಿಂದೆ ಇದೇ ಸೀಮೆಯಲ್ಲಿ ಅದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು ಬಂದೂಕಿಗಾಗಿಯೇ ಪ್ರಾಣ ಕೊಟ್ಟರು.

ಉತ್ತರ ಕರ್ನಾಟಕದವರು ತೋಟಾಕ್ಕೆ ಕಾಡತೂಸು ಎನ್ನುತ್ತಾರೆ. ಹಳೆಯ ನಾಡಬಂದೂಕಿಗೆ ಅದರ ಹಂಗೇ ಇರಲಿಲ್ಲ. ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಗಿಡಿದು, ಬತ್ತಿಯ ಕಿಡಿ ತಾಗಿಸಬೇಕು. ಎಲ್ಲ ಜಾಣತನವೂ ಮದ್ದಿನ ಅಳತೆಯಲ್ಲಿತ್ತು. ಹೆಚ್ಚಾದರೆ ನಳಿಗೆಯೇ ಸಿಡಿಯುವ ಭಯ. ಕಡಿಮೆಯಾದರೆ ಚಿಗರಿ ಗಾಯಗೊಂಡು ಓಡಿ ಎಲ್ಲೋ ಸಾಯುತ್ತಿತ್ತು, ಬೇಟೆಗಾರನಿಗೂ ದಕ್ಕುತ್ತಿರಲಿಲ್ಲ. ಹಕ್ಕಿಗೆ ಸಣ್ಣ ಚರೆ, ಚಿಗರಿಗೆ ದಪ್ಪ ಚರೆ ಅಥವಾ ಒಂಟಿ ಗುಂಡು. ಇಂದಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವಿವರವನ್ನು ಅಂದಿನವರು ಅಂಗೈಯಲ್ಲೇ ತೂಗಬೇಕಿತ್ತು.

1857ರಲ್ಲಿ ಸಿಪಾಯಿಗಳ ಕೈಗೆ ಬಂದ ಎನ್‌ಫೀಲ್ಡ್ ಬಂದೂಕು ಈ ಅಳತೆಯನ್ನು ಕಾಗದದಲ್ಲಿ ಸುತ್ತಿಟ್ಟಿತು. ಒಂದು ಹೊಡೆತಕ್ಕೆ ಬೇಕಾದಷ್ಟು ಮದ್ದು ಮತ್ತು ಸೀಸದ ಗುಂಡು ಒಂದೇ ಕಾಗದದ ಕೊಳವೆಯಲ್ಲಿ. ಅದರ ತುದಿಯನ್ನು ಹಲ್ಲಿನಿಂದ ಹರಿಯಬೇಕು. ಸವರಿದ ಜಿಡ್ಡಿನಲ್ಲಿ ದನದ, ಹಂದಿಯ ಕೊಬ್ಬಿದೆ ಎಂಬ ಸುದ್ದಿ ಉತ್ತರ ಭಾರತದಲ್ಲಿ ಏನು ಮಾಡಿತೆಂಬುದು ಎಲ್ಲರಿಗೂ ಗೊತ್ತಿರುವುದೇ. ಅದರ ಪರಿಣಾಮ ಕೃಷ್ಣಾ, ಘಟಪ್ರಭಾ ತೀರಕ್ಕೆ ಬಂದದ್ದು ಬೇರೆ ರೂಪದಲ್ಲಿ. ದಂಗೆಗೆ ಬೆದರಿದ ಕಂಪನಿ ಸರ್ಕಾರ ಅದೇ ವರ್ಷ ಜನರ ಕೈಯ ಆಯುಧ ಕಸಿಯುವ ಕಾನೂನು ತಂದಿತು. ಪರವಾನಗಿ ಇಲ್ಲದವರು ಬಂದೂಕು, ಕತ್ತಿಗಳನ್ನು ಒಪ್ಪಿಸಬೇಕಾಯಿತು.

ಮುಧೋಳ ಆಗ ಘೋರ್ಪಡೆ ಮನೆತನದ ಸಂಸ್ಥಾನ. ಆದರೂ ಆಜ್ಞೆ ಅಲ್ಲಿಗೂ ಬಂತು. ಬೇಟೆಯೇ ಕಸುಬಾದವನಿಗೆ ಆಯುಧ ಒಪ್ಪಿಸುವುದೆಂದರೆ ಒಕ್ಕಲಿಗ ನೇಗಿಲು ಒಪ್ಪಿಸಿದಂತೆ. ಹಲಗಲಿಯವರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಇಂಗ್ಲಿಷರ ದಂಡು ಊರನ್ನು ಮುತ್ತಿತು. ಮನೆಗಳಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದವು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಒಬ್ಬ ಇಂಗ್ಲಿಷ್ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್ ಎಂಬುದು ಇತಿಹಾಸದ ವಿಚಿತ್ರ.

ಅದೇ ಕಾನೂನು ಕೊಡಗಿನಲ್ಲಿ ಬೇರೆ ಮುಖ ತೋರಿಸಿತು. 1861ರಲ್ಲಿ ಅಲ್ಲಿನ ಕೊಡವರಿಗೆ ವಿನಾಯಿತಿ ದೊರೆಯಿತು. ಕಾರಣ ಸರ್ಕಾರಕ್ಕೆ ತೋರಿದ ನಿಷ್ಠೆ. ಆ ವಿನಾಯಿತಿ ಇಂದಿಗೂ ಇದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಒಂದು ಕಡೆ ಕೋವಿಗೆ ಪೂಜೆ, ಇನ್ನೊಂದು ಕಡೆ ಕೋವಿಗಾಗಿ ಗಲ್ಲು. ಇದು ಬೇಟೆಯ ಲೆಕ್ಕವಲ್ಲ, ಆಳುವವರ ಲೆಕ್ಕ.

ಮುಂದೆ ಲೋಹದ ತೋಟಾ ಬಂದಾಗಲೂ ಆಯ್ಕೆ ಬೇಟೆಗಾರನದಾಗಿ ಉಳಿಯಲಿಲ್ಲ. ಸೈನ್ಯದ ಮದ್ದುಗುಂಡು ಬಂಡುಕೋರರಿಗೆ ಸಿಗಬಾರದೆಂದು 1907ರಲ್ಲಿ .450 ಅಳತೆಯ ಬಂದೂಕುಗಳು ಭಾರತಕ್ಕೆ ಬರುವುದನ್ನು ತಡೆಯಲಾಯಿತು. ಲಂಡನ್ನಿನ ಬಂದೂಕು ತಯಾರಕರು .470, .465ರಂಥ ಹೊಸ ಅಳತೆಗಳನ್ನು ಹುಡುಕಿಕೊಂಡರು. ಸೈನ್ಯದ .303 ಸಾಮಾನ್ಯರಿಗೆ ನಿಷಿದ್ಧ. ಸ್ವಾತಂತ್ರ್ಯಾನಂತರ ಪರವಾನಗಿದಾರರಿಗೆ ಸರ್ಕಾರಿ ಕಾರ್ಖಾನೆಯ .315 ರೈಫಲ್ ದೊರೆತದ್ದು ಇದೇ ಕಾರಣಕ್ಕೆ.

ಹುಲಿಗೆ ಹೇಳಿಮಾಡಿಸಿದ ಭಾರದ ಗುಂಡು ಚಿಗರಿಗೆ ಹೊಂದುವುದಿಲ್ಲ. ಗಂಡು ಚಿಗರಿಯ ತೂಕ ಸಾಮಾನ್ಯವಾಗಿ 40–45 ಕಿಲೋ, ಚಿಂಕಾರ ಅದರ ಅರ್ಧದಷ್ಟು. ಮೇಲಾಗಿ ಹುನಗುಂದ, ಇಳಕಲ್ಲಿನಂಥ ಬಯಲಿನಲ್ಲಿ ಮರೆಯಿಲ್ಲ. ಪ್ರಾಣಿ ದೂರದಿಂದಲೇ ಮನುಷ್ಯನನ್ನು ಕಾಣುತ್ತದೆ. ಹಗುರವಾದ, ವೇಗದ, ಬೇಗ ಕೆಳಗಿಳಿಯದ ಗುಂಡು ಬೇಕೆಂದು ಶಿಕಾರಿ ಸಾಹೇಬರು ಬಯಸಿದ್ದು ಅದಕ್ಕೇ. ಹನ್ನೆರಡು ಬೋರಿನ ಬಂದೂಕಿಗೆ ಎಲ್‌ಜಿ, ಎಸ್‌ಜಿ ಎಂಬ ದಪ್ಪ ಚರೆಯ ತೋಟಾಗಳಿದ್ದವು, ಆದರೆ ಅವು ಹತ್ತಿರದ ಹೊಡೆತಕ್ಕೆ ಮಾತ್ರ. ಇನ್ನು ಕೈಬಂದೂಕು? .32 ರಿವಾಲ್ವರ್ ಆತ್ಮರಕ್ಷಣೆಯ ಆಯುಧ. ಅದರಿಂದ ಜಿಂಕೆ ಹೊಡೆಯಲು ಹೊರಟವನು ಪ್ರಾಣಿಯನ್ನು ನರಳಿಸುವುದೇ ಹೆಚ್ಚು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಚಿಗರಿ ಮತ್ತು ಚಿಂಕಾರ ಎರಡೂ ಇವೆ. ಅವುಗಳ ಬೇಟೆ ಅಪರಾಧವಾಯಿತು. 2016ರಲ್ಲಿ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡು ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವಾಯಿತು. ಹಲಗಲಿಯ ಬೇಡರು ಬಂದೂಕು ಬಿಡೆವೆಂದು ಹಟ ಹಿಡಿದ ಅದೇ ಮುಧೋಳ ಸೀಮೆಯಲ್ಲಿ ಚಿಂಕಾರಗಳು ಈಗ ಬಂದೂಕಿನ ಭಯವಿಲ್ಲದೆ ಮೇಯಲು ಕಾನೂನಿನ ಕಾವಲಿದೆ.