ಸಂಧಿರೋಗ ಚಿಕಿತ್ಸೆಯಲ್ಲಿ ರೇಡಿಯಮ್

ಒಂದು ವ್ಯಾಧಿಯನ್ನು ಶಮನಗೊಳಿಸುವಾಗ ಮತ್ತೊಂದಕ್ಕೆ ಎಡೆಗೊಡದಿರುವುದೇ ಶುದ್ಧಚಿಕಿತ್ಸೆಯ ಲಕ್ಷಣವೆಂದು ಆಯುರ್ವೇದಾಚಾರ್ಯರ ಮತ. ಈ ಲಕ್ಷಣವನ್ನು ಒರೆಗಲ್ಲಾಗಿಟ್ಟು ನೋಡಿದರೆ, ಜರ್ಮನಿಯಲ್ಲಿ ನಡೆದ ರೇಡಿಯಮ್ ಚಿಕಿತ್ಸೆಯ ಚರಿತ್ರೆಯು ವಿಚಾರಾರ್ಹವಾದುದು.

1944ರಿಂದ 1951ರವರೆಗೆ ಆ ದೇಶದಲ್ಲಿ ‘ಪೇಟಿಯೋಸ್ಥೋರ್’ ಎಂಬ ಔಷಧವು ಬಳಕೆಯಲ್ಲಿದ್ದಿತು. ಪ್ಲಾಟಿನಮ್, ಇಯೋಸಿನ್, ಥೋರಿಯಮ್-ಎಕ್ಸ್ ಎಂಬ ಮೂರು ದ್ರವ್ಯಗಳ ಹೆಸರುಗಳು ಕೂಡಿ ಈ ಪದವು ನಿಷ್ಪನ್ನವಾಯಿತು. ಥೋರಿಯಮ್-ಎಕ್ಸ್ ಎಂದರೆ ರೇಡಿಯಮ್-224. ಕ್ಷಯರೋಗಪೀಡಿತರಾದ ಮಕ್ಕಳಿಗೂ, ಬೆನ್ನೆಲುಬಿನ ಸಂಧಿಗಳು ಬಿಗಿದು ಒಂದಾಗುವ ಅಂಕೈಲೋಸಿಂಗ್ ಸ್ಪಾಂಡಿಲೈಟಿಸ್ ರೋಗವುಳ್ಳವರಿಗೂ ಇದನ್ನು ಚುಚ್ಚುಮದ್ದಾಗಿ ಕೊಡುತ್ತಿದ್ದರು.

ರೇಡಿಯಮ್ ಅಸ್ಥಿಗೆ ಅಪಾಯಕರವೆಂಬುದು ಆಗ ಅಜ್ಞಾತವಾಗಿರಲಿಲ್ಲ. ನ್ಯೂಜೆರ್ಸಿಯಲ್ಲಿ ಕುಂಚವನ್ನು ತುಟಿಯಿಂದ ಚೂಪುಮಾಡುತ್ತ ಗಡಿಯಾರದ ಮುಖಗಳಿಗೆ ರೇಡಿಯಮ್ ಬಣ್ಣ ಬಳಿಯುತ್ತಿದ್ದ ಸ್ತ್ರೀಯರಿಗೆ ಅಸ್ಥ್ಯರ್ಬುದವುಂಟಾದುದನ್ನು ಮಾರ್ಟ್‌ಲೆಂಡರು 1929ರಲ್ಲಿಯೇ ಪ್ರಕಟಿಸಿದ್ದರು. ಆದರೆ ಅವರ ದೇಹವನ್ನು ಸೇರಿದ ರೇಡಿಯಮ್ ವರ್ಷಗಟ್ಟಲೆ ಉಳಿಯತಕ್ಕದ್ದು; ರೇಡಿಯಮ್-224ರ ಅರ್ಧಾಯುಷ್ಯವಾದರೋ ನಾಲ್ಕು ದಿನಗಳಿಗೂ ಕಡಮೆ. ಅಲ್ಪಾಯುವಾದುದು ಅಲ್ಪದೋಷವುಳ್ಳದ್ದೆಂದು ಊಹಿಸುವುದು ಸುಲಭ, ವಸ್ತುಸ್ಥಿತಿಯು ಬೇರೆ. ರೇಡಿಯಮ್ ಕ್ಯಾಲ್ಸಿಯಮ್ಮಿನಂತೆ ಅಸ್ಥಿಯನ್ನೇ ಆಶ್ರಯಿಸುವುದು. ದೀರ್ಘಾಯುವಾದುದು ಕ್ರಮೇಣ ಅಸ್ಥಿಯೊಳಗೆ ಹುದುಗಿಹೋಗುವುದು. ಅಲ್ಪಾಯುವಾದುದು ಸಜೀವಕೋಶಗಳಿರುವ ಹೊರಮೈಯಲ್ಲಿರುವಾಗಲೇ ತನ್ನ ಆಲ್ಫಾಕಣಗಳಲ್ಲಿ ಬಹುಭಾಗವನ್ನು ಚೆಲ್ಲಿಬಿಡುವುದು.

ಮಕ್ಕಳ ವೈದ್ಯರಾದ ಹೈಂಟ್ಸ್ ಸ್ಪೀಸರು ಈ ಪ್ರಯೋಗದ ವಿರುದ್ಧ ಎಚ್ಚರಿಕೆಯಿತ್ತುದಲ್ಲದೆ, ಚಿಕಿತ್ಸಿತರಾದವರನ್ನು ದಶಕಗಳವರೆಗೆ ಪರಿಶೀಲಿಸಿದರು. 899 ಮಂದಿಯಲ್ಲಿ 56 ಮಂದಿಗೆ ಅಸ್ಥ್ಯರ್ಬುದವುಂಟಾಯಿತು. ಸಾಮಾನ್ಯವಾಗಿ ಅಷ್ಟು ಜನರಲ್ಲಿ ನಿರೀಕ್ಷಿಸತಕ್ಕ ಸಂಖ್ಯೆ ಒಂದಕ್ಕಿಂತಲೂ ಕಡಮೆ. ಎಳೆಯರ ಬೆಳವಣಿಗೆಯೂ ಕುಂಠಿತವಾಯಿತು.

ಅನಂತರ ಮಾತ್ರೆಯನ್ನು ತಗ್ಗಿಸಿ, ಸ್ಪಾಂಡಿಲೈಟಿಸ್ ರೋಗಿಗಳಿಗೆ ಮಾತ್ರ ರೇಡಿಯಮ್-224ನ್ನು ಕೊಡುವ ಪದ್ಧತಿಯು ಉಳಿಯಿತು. 1948ರಿಂದ 1975ರವರೆಗೆ ಹೀಗೆ ಚಿಕಿತ್ಸೆ ಪಡೆದವರಲ್ಲಿ 1,471 ಮಂದಿಯನ್ನು ಪರೀಕ್ಷಿಸಿದಾಗ, ಲ್ಯುಕೀಮಿಯಾ ಎಂಬ ರಕ್ತಾರ್ಬುದವು 19 ಮಂದಿಯಲ್ಲಿ ಕಂಡಿತು. ನಿರೀಕ್ಷಿತ ಸಂಖ್ಯೆ ಸುಮಾರು 7. ಮಾತ್ರೆ ತಗ್ಗಿದಾಗ ದೋಷವೂ ತಗ್ಗಿತು, ಆದರೆ ನಿಶ್ಶೇಷವಾಗಲಿಲ್ಲ.

ಇಷ್ಟರಿಂದ ಕಿರಣದ್ರವ್ಯಗಳೆಲ್ಲವನ್ನೂ ಸಮಾನವಾಗಿ ದೂಷಿಸುವುದು ನ್ಯಾಯವಲ್ಲ. 1952ರಲ್ಲಿ ಫೆಲಿಂಗರ್ ಮತ್ತು ಷ್ಮಿಡ್ ಎಂಬವರು ಕಿರಣದ್ರವ್ಯವನ್ನು ರೋಗಗ್ರಸ್ತವಾದ ಸಂಧಿಯೊಳಕ್ಕೇ ಸೇರಿಸುವ ಕ್ರಮವನ್ನು ಪ್ರಕಟಿಸಿದರು. ಇಲ್ಲಿ ಇಟ್ರಿಯಮ್-90ರಂತಹ ದ್ರವ್ಯಗಳ ಬೀಟಾಕಿರಣಗಳು ಬಹುಮಟ್ಟಿಗೆ ಸಂಧಿಯ ಒಳಪೊರೆಯಲ್ಲಿಯೇ ವ್ಯಯವಾಗುವುವು. ಅಲ್ಪಾಂಶವು ಮಾತ್ರ ಹೊರಕ್ಕೆ ಸೋರಿ ದುಗ್ಧಗ್ರಂಥಿಗಳನ್ನು ಸೇರಬಹುದು. ಈ ಕ್ರಮವನ್ನು ಕುರಿತ ಪರಿಶೀಲನೆಗಳಲ್ಲಿ ಅರ್ಬುದದ ಸ್ಪಷ್ಟವಾದ ಆಧಿಕ್ಯವು ಕಂಡುಬಂದಿಲ್ಲ.

ಆದುದರಿಂದ ದ್ರವ್ಯ, ಮಾತ್ರೆ, ಸ್ಥಾನ, ವಯಸ್ಸು ಈ ನಾಲ್ಕನ್ನೂ ವಿವೇಚಿಸದೆ ಗುಣದೋಷಗಳನ್ನು ನಿರ್ಣಯಿಸಲಾಗದು. ಇವುಗಳೊಡನೆ ಕಾಲವನ್ನೂ ಎಣಿಸಬೇಕು. ನೋವಿನ ಉಪಶಮನವು ಕೆಲವು ವಾರಗಳಲ್ಲಿ ಕಂಡರೆ, ಅರ್ಬುದವು ಅನೇಕ ವರ್ಷಗಳನಂತರ ತಲೆದೋರಿತು. ಗುಣವನ್ನು ಬೇಗನೆ ಕಂಡು ಹೊಗಳಿದವರು ದೋಷವು ಕಾಣುವವರೆಗೆ ಕಾಯಲಿಲ್ಲ. ಕಾದು ಲೆಕ್ಕವಿಟ್ಟವರಿಂದಲೇ ಸತ್ಯವು ತಿಳಿದುಬಂದಿತು.